ಕಿವಿ ಎರಡೇ, ಡಬ್ಬಿ ಮೇಲೆ ಮಾತ್ರ 7.1!

ಆನ್‌ಲೈನ್ ಸೇಲ್ ಶುರುವಾಯ್ತು ಅಂದ್ರೆ ಸಾಕು, ಆಫೀಸ್ ಕ್ಯಾಂಟೀನಿನಿಂದ ಹಿಡಿದು ಕಸಿನ್ಸ್ ವಾಟ್ಸ್‌ಆ್ಯಪ್ ಗ್ರೂಪಿನವರೆಗೆ ಒಂದು ಪ್ರಶ್ನೆ ತಪ್ಪದೇ ಬರುತ್ತೆ: "ಗೇಮಿಂಗ್‌ಗೆ ಹೆಡ್‌ಫೋನ್ ತಗೋಬೇಕು. 7.1 ಸರೌಂಡ್ ಇರೋದೇ ತಗೊಳ್ಲಾ, ಇಲ್ಲಾ ಮಾಮೂಲಿ ಸ್ಟೀರಿಯೋ ಸಾಕಾ?" ಕೇಳುವವರು ಬೇರೆ ಬೇರೆ. ಒಬ್ಬರು ರಾತ್ರಿ ಊಟ ಆದ ಮೇಲೆ ಗೆಳೆಯರ ಜೊತೆ ವ್ಯಾಲೊರೆಂಟ್ ಆಡುವವರು, ಇನ್ನೊಬ್ಬರು ಮೊಬೈಲ್‌ನಲ್ಲೇ ಬಿಜಿಎಂಐ ಆಡುವವರು, ಮತ್ತೊಬ್ಬರು ಬೋನಸ್ ಬಂದ ಖುಷಿಯಲ್ಲಿ ಪಿಎಸ್5 ತಂದವರು. ಪ್ರಶ್ನೆ ಮಾತ್ರ ಒಂದೇ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಬಹುತೇಕ ಎಲ್ಲರಿಗೂ ಒಂದು ಒಳ್ಳೆಯ ಸ್ಟೀರಿಯೋ ಹೆಡ್‌ಫೋನ್ ಸಾಕು. ಸರೌಂಡ್ ಅನ್ನೋದರಲ್ಲಿ ಅರ್ಧ ಕೆಲಸ ಗೇಮ್ ಅಥವಾ ಕಂಪ್ಯೂಟರಿನ ಸಾಫ್ಟ್‌ವೇರ್ ಮಾಡುತ್ತೆ, ಇನ್ನರ್ಧ ನಿಮ್ಮ ಎರಡು ಕಿವಿ ಮತ್ತು ಅವುಗಳ ನಡುವೆ ಇರುವ ಮಿದುಳು ಮಾಡುತ್ತೆ. ಹೆಡ್‌ಫೋನಿನದು ತಂದುಕೊಟ್ಟ ಸದ್ದನ್ನು ಕೆಡಿಸದೇ ಒಪ್ಪಿಸುವ ಕೆಲಸ, ಅಷ್ಟೇ. ಇದು ಅರ್ಥವಾದರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಕಿವಿಗೆ ದಿಕ್ಕು ಹೇಗೆ ಗೊತ್ತಾಗುತ್ತೆ?

ಹಾಲ್‌ನಲ್ಲಿ ಕೂತಿದ್ದೀರಿ, ಕುಕ್ಕರ್ ವಿಶಲ್ ಹೊಡೀತು. ನಮ್ಮ ಅಡುಗೆಮನೆಯದಾ, ಪಕ್ಕದ ಮನೆಯದಾ ಅಂತ ತಲೆ ಎತ್ತದೆಯೂ ಹೇಳ್ತೀರಿ ಅಲ್ವಾ? ಚಿಕ್ಕವರಿದ್ದಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಚಪ್ಪಾಳೆ ಬಂದ ಕಡೆಗೇ ಓಡಿ ಹಿಡಿದದ್ದೂ ಇದೇ ವಿದ್ಯೆಯಿಂದ.

ಎಡಗಡೆಯಿಂದ ಬಂದ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತೆ, ಬಲಗಿವಿಗೆ ಸ್ವಲ್ಪ ಆಮೇಲೆ. ಆ "ಸ್ವಲ್ಪ" ಎಷ್ಟು ಅಂದರೆ, ಸದ್ದು ಪೂರ್ತಿ ಪಕ್ಕದಿಂದ ಬಂದಾಗಲೂ ಸುಮಾರು 0.6ರಿಂದ 0.7 ಮಿಲಿಸೆಕೆಂಡ್. ಅಷ್ಟು ಸಣ್ಣ ವ್ಯತ್ಯಾಸವನ್ನೂ ಮಿದುಳು ಅಳೆಯುತ್ತೆ. ಜೊತೆಗೆ ನಡುವೆ ತಲೆ ಅಡ್ಡ ಇರೋದರಿಂದ ದೂರದ ಕಿವಿಗೆ ಸದ್ದು ಸ್ವಲ್ಪ ಮಂದವಾಗುತ್ತೆ. ಬ್ರಿಟಿಷ್ ವಿಜ್ಞಾನಿ ಲಾರ್ಡ್ ರೇಲಿ 1907ರಲ್ಲೇ ಇದನ್ನು ವಿವರಿಸಿದ್ದರು: ದಪ್ಪ ಸದ್ದಿನ ದಿಕ್ಕು ಗೊತ್ತಾಗೋದು ಮುಖ್ಯವಾಗಿ ಸಮಯದ ವ್ಯತ್ಯಾಸದಿಂದ, ಕೀರಲು ಸದ್ದಿನ ದಿಕ್ಕು ಗೊತ್ತಾಗೋದು ಜೋರಿನ ವ್ಯತ್ಯಾಸದಿಂದ.

ಆದರೆ ಇಲ್ಲೊಂದು ತೊಡಕಿದೆ. ನಿಮ್ಮ ಮೂಗಿನ ನೇರಕ್ಕೆ ಮುಂದೆ ಇರುವ ಸದ್ದು ಎರಡೂ ಕಿವಿಗೆ ಒಂದೇ ಸಮಯಕ್ಕೆ, ಒಂದೇ ಜೋರಿನಲ್ಲಿ ಮುಟ್ಟುತ್ತೆ. ಬೆನ್ನ ಹಿಂದೆ ಇರುವ ಸದ್ದೂ ಹಾಗೇ. ಹಾಗಾದರೆ ಮುಂದಾ ಹಿಂದಾ ಅಂತ ಹೇಗೆ ಗೊತ್ತಾಗುತ್ತೆ? ಅದಕ್ಕೇ ಹೊರಕಿವಿಯ ಆ ಸೊಟ್ಟಂಬಟ್ಟ ಮಡಿಕೆಗಳಿರೋದು. ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ಬಂದ ಸದ್ದು ಆ ಮಡಿಕೆಗಳಿಗೆ ಬಡಿದು ಒಂದೊಂದು ರೀತಿ ಬದಲಾಗಿ ಒಳಗೆ ಹೋಗುತ್ತೆ. ಹುಟ್ಟಿದಾಗಿನಿಂದ ಕೇಳಿ ಕೇಳಿ ಮಿದುಳು ಆ ಬದಲಾವಣೆಯನ್ನು ಬಾಯಿಪಾಠ ಮಾಡಿಕೊಂಡಿರುತ್ತೆ. ಅಷ್ಟಾದರೂ ಅನುಮಾನ ಬಂದರೆ ನಾವು ತಲೆಯನ್ನು ಒಂಚೂರು ತಿರುಗಿಸ್ತೀವಿ, ಅನುಮಾನ ಮುಗೀತು.

ಅಂದರೆ ಸುತ್ತಲಿನ ಇಡೀ ಪ್ರಪಂಚದ ಸದ್ದನ್ನು ದಿನವೂ ಎರಡೇ ಕಿವಿಯಲ್ಲಿ ಕೇಳ್ತಿದ್ದೀವಿ. ಎಂಟು ಸ್ಪೀಕರ್ ಬೇಕಾಗಿಲ್ಲ.

ವರ್ಚುವಲ್ ಸರೌಂಡ್ ಮಾಡೋದೇನು?

ಕಿವಿಯ ಮಡಿಕೆ ಸದ್ದನ್ನು ಹೇಗೆ ಬದಲಿಸುತ್ತೆ ಅಂತ ಅಳೆದು ಇಟ್ಟುಕೊಂಡರೆ, ಅದೇ ಬದಲಾವಣೆಯನ್ನು ಕಂಪ್ಯೂಟರ್ ಕೂಡ ಮಾಡಬಹುದಲ್ವಾ? ಅದೇ ವರ್ಚುವಲ್ ಸರೌಂಡ್. ಈ ಅಳತೆಗೆ ಎಚ್‌ಆರ್‌ಟಿಎಫ್ ಅಂತ ಹೆಸರು. ಗೇಮ್ ಸೆಟ್ಟಿಂಗ್ಸ್‌ನಲ್ಲಿ ಈ ನಾಲ್ಕಕ್ಷರ ನೋಡಿ ಮುಂದೆ ಹೋದವರು ಬಹಳ ಜನ ಇದ್ದೀರಿ, ಈಗ ಗುರುತಿಟ್ಟುಕೊಳ್ಳಿ.

1994ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವರು ಕೆಮಾರ್ ಅನ್ನುವ ಗೊಂಬೆ ತಲೆಯ ಕಿವಿಗಳಲ್ಲಿ ಮೈಕ್ ಇಟ್ಟು, ಸುತ್ತ 710 ಜಾಗಗಳಿಂದ ಸದ್ದು ಮಾಡಿ ಅಳತೆ ತೆಗೆದು, ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟರು. ಹೀಗೆ ತೆಗೆದ ಅಳತೆ ಹಿಡಿದುಕೊಂಡು ಗೇಮ್ ಲೆಕ್ಕ ಹಾಕುತ್ತೆ: ಶತ್ರು ಬಲಗಡೆ ಹಿಂದೆ ಇದ್ದಾನೆ, ಅವನ ಹೆಜ್ಜೆ ಸದ್ದು ಎಡಗಿವಿಗೆ ಹೀಗೆ, ಬಲಗಿವಿಗೆ ಹೀಗೆ ಕೇಳಿಸಬೇಕು. ಕೊನೆಗೆ ಹೊರಗೆ ಬರೋದು ಎರಡೇ ಚಾನೆಲ್. ಅದಕ್ಕೆ ಬೇಕಾದದ್ದು ಸ್ಟೀರಿಯೋ ಹೆಡ್‌ಫೋನ್.

ನಂಬಿಕೆ ಬರಲಿಲ್ವಾ? ಕ್ಯೂಸೌಂಡ್ ಲ್ಯಾಬ್ಸ್‌ನವರ "ವರ್ಚುವಲ್ ಬಾರ್ಬರ್ ಶಾಪ್" ಅನ್ನುವ ಹಳೆಯ ಆಡಿಯೋ ಯೂಟ್ಯೂಬ್‌ನಲ್ಲಿದೆ. ಮನೆಯಲ್ಲಿ ಬಿದ್ದಿರುವ ಯಾವುದಾದರೂ ಮಾಮೂಲಿ ಇಯರ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೇಳಿ. ಕತ್ತರಿ ಕಚ್ ಕಚ್ ಅಂತ ಕಿವಿಯ ಹಿಂದೆ ಓಡಾಡುವಾಗ ಕೈ ತಾನಾಗೇ ಕತ್ತಿನ ಹಿಂದೆ ಹೋದರೆ ಆಶ್ಚರ್ಯವಿಲ್ಲ.

ಒಬ್ಬರಿಗೆ ಸೂಪರ್, ಇನ್ನೊಬ್ಬರಿಗೆ ಸುಮಾರು

ಹಾಗಿದ್ದರೆ "ಸರೌಂಡ್ ಹಾಕಿದರೆ ಎಲ್ಲಾ ಕಲಸುಮೇಲೋಗರ ಆಗುತ್ತೆ" ಅಂತ ಕೆಲವರು ಯಾಕೆ ಹೇಳ್ತಾರೆ? ಆ ಗೊಂಬೆಯ ಕಿವಿ ನಿಮ್ಮ ಕಿವಿ ಅಲ್ಲ. ಒಬ್ಬೊಬ್ಬರ ಕಿವಿಯ ಆಕಾರ ಒಂದೊಂದು. ನಿಮ್ಮದು ಆ ಅಳತೆಗೆ ಹತ್ತಿರ ಇದ್ದರೆ ಸದ್ದು ನಿಜವಾಗಿ ಹಿಂದೆ ಇದ್ದಂತೆ ಅನ್ನಿಸುತ್ತೆ. ದೂರ ಇದ್ದರೆ ಡ್ರಮ್ ಒಳಗಿನಿಂದ ಮಾತಾಡಿದಂತೆ ಕೇಳಿಸುತ್ತೆ. ಪಿಎಸ್5ನಲ್ಲಿ 3ಡಿ ಆಡಿಯೋಗೆ ಐದು ಪ್ರೊಫೈಲ್ ಕೊಟ್ಟಿರೋದು ಇದಕ್ಕೇ. ಒಂದೊಂದನ್ನೂ ಕೇಳಿ, ಸದ್ದು ಕಿವಿಯ ಮಟ್ಟಕ್ಕೇ ಬರ್ತಿದೆ ಅನ್ನಿಸಿದ್ದನ್ನು ಇಟ್ಟುಕೊಳ್ಳಬೇಕು.

ಇದಕ್ಕೆ ಸಂಬಂಧಿಸಿ 1998ರಲ್ಲಿ ನೆದರ್ಲೆಂಡ್ಸ್‌ನಿಂದ ಒಂದು ಸೊಗಸಾದ ಪ್ರಯೋಗ ಪ್ರಕಟವಾಯಿತು. ಕೆಲವರ ಹೊರಕಿವಿಯೊಳಗೆ ಅಚ್ಚು ಕೂರಿಸಿ ಕಿವಿಯ ಆಕಾರವನ್ನೇ ಬದಲಿಸಿದರು. ಸದ್ದು ಮೇಲಿನಿಂದ ಬರ್ತಿದೆಯಾ ಕೆಳಗಿನಿಂದಲಾ ಅಂತ ಹೇಳುವುದೇ ಅವರಿಗೆ ಕಷ್ಟವಾಯಿತು. ಅಚ್ಚು ಹಾಕಿಕೊಂಡೇ ಓಡಾಡಿದಂತೆ ವಾರಗಳಲ್ಲಿ ಮಿದುಳು ಹೊಸ ಕಿವಿಗೆ ಹೊಂದಿಕೊಂಡಿತು. ಅಚ್ಚು ತೆಗೆದಾಗ ಹಳೆಯ ಕಿವಿಯ ಲೆಕ್ಕವೂ ಹಾಗೇ ಉಳಿದಿತ್ತು.

ನಮಗೆ ಇದರಲ್ಲಿ ಒಂದು ಪಾಠ ಇದೆ. ಸೋಮವಾರ ಒಂದು ಸರೌಂಡ್, ಬುಧವಾರ ಇನ್ನೊಂದು, ವೀಕೆಂಡ್‌ಗೆ ಮತ್ತೊಂದು ಅಂತ ಬದಲಿಸುತ್ತಾ ಹೋದರೆ ಕಿವಿಗೆ ಯಾವುದೂ ರೂಢಿಯಾಗಲ್ಲ. ಒಂದನ್ನು ಆರಿಸಿ, ಎರಡು ಮೂರು ವಾರ ಕೊಡಿ. ಆಮೇಲೂ ಹಿಡಿಸದಿದ್ದರೆ ಆಫ್ ಮಾಡಿ. ಸ್ಟೀರಿಯೋದಲ್ಲೇ ಚೆನ್ನಾಗಿ ಆಡುವವರು ಬೇಕಾದಷ್ಟು ಜನ ಇದ್ದಾರೆ.

ಡಬ್ಬಿ ಮೇಲಿನ 7.1

ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋ ಮಾತು ಗೇಮಿಂಗ್ ಹೆಡ್‌ಸೆಟ್ ಡಬ್ಬಿಗೆ ಚೆನ್ನಾಗಿ ಒಪ್ಪುತ್ತೆ. 7.1 ಅಂದರೆ ಏಳು ಸ್ಪೀಕರ್, ಒಂದು ಸಬ್‌ವೂಫರ್. ಹೋಮ್ ಥಿಯೇಟರ್‌ನಿಂದ ಬಂದ ಲೆಕ್ಕ. ಹೆಡ್‌ಸೆಟ್‌ನಲ್ಲಿ ಆ ಹೆಸರಿನಲ್ಲಿ ಮಾರುವುದು ಬೇರೆ ಬೇರೆ ಸರಕು.

ಕೆಲವದರಲ್ಲಿ ಒಂದೊಂದು ಕಪ್ ಒಳಗೂ ಮೂರು ನಾಲ್ಕು ಪುಟ್ಟ ಸ್ಪೀಕರ್ ಇರುತ್ತವೆ. ಎಲ್ಲವೂ ಕಿವಿಯಿಂದ ಬೆರಳಿನ ದೂರದಲ್ಲಿ ಇರುವಾಗ ನಿಜವಾದ ಮುಂದೆ-ಹಿಂದೆ ಎಲ್ಲಿಂದ ಬರಬೇಕು? ಒಂದು ಒಳ್ಳೆಯ ಸ್ಪೀಕರಿನ ಜಾಗದಲ್ಲಿ ನಾಲ್ಕು ಸಾಧಾರಣ ಸ್ಪೀಕರ್ ಬಂದು ಕೂತಿರುತ್ತವೆ. ಇನ್ನು ಕೆಲವದರ ಜೊತೆ ಯುಎಸ್‌ಬಿ ಸೌಂಡ್‌ಕಾರ್ಡ್ ಅಥವಾ ಕಂಪನಿಯ ಆ್ಯಪ್ ಬರುತ್ತೆ, ವರ್ಚುವಲ್ ಸರೌಂಡ್ ಮಾಡೋದು ಅದು. ಅದೇ ಹೆಡ್‌ಸೆಟ್‌ನ ಪಿನ್ ತೆಗೆದು ಮೊಬೈಲ್‌ಗೆ ಚುಚ್ಚಿದರೆ ಶುದ್ಧ ಸ್ಟೀರಿಯೋ.

ಆ ಸಾಫ್ಟ್‌ವೇರ್ ಕೆಲಸ ನಿಮ್ಮ ಹತ್ತಿರ ಪುಕ್ಕಟೆಯಾಗೇ ಇದೆ. ವಿಂಡೋಸ್‌ನಲ್ಲಿ 2017ರಿಂದ ವಿಂಡೋಸ್ ಸೋನಿಕ್ ಇದೆ, ಎಕ್ಸ್‌ಬಾಕ್ಸ್‌ನಲ್ಲೂ ಇದೆ. ಪಿಎಸ್5ನ ಟೆಂಪೆಸ್ಟ್ 3ಡಿ ಆಡಿಯೋ ಕಂಟ್ರೋಲರ್‌ಗೆ ಚುಚ್ಚಿದ ಯಾವ ಹೆಡ್‌ಫೋನಿಗಾದರೂ ಸಿಗುತ್ತೆ. ಡಾಲ್ಬಿ ಅಟ್ಮಾಸ್ ಫಾರ್ ಹೆಡ್‌ಫೋನ್ಸ್, ಡಿಟಿಎಸ್ ಹೆಡ್‌ಫೋನ್:ಎಕ್ಸ್ ದುಡ್ಡು ಕೊಟ್ಟು ತಗೊಳ್ಳುವಂಥವು. ಆದರೆ ಮೊದಲು ಕೆಲದಿನ ಟ್ರಯಲ್ ಇರುತ್ತೆ, ಕೇಳಿ ನೋಡಿ ತೀರ್ಮಾನ ಮಾಡಬಹುದು.

ಒಂದೇ ಒಂದು ಕಡೆ ಆನ್ ಮಾಡಿ

ಈ ಅಂಕಣದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ: ಸರೌಂಡ್ ಲೆಕ್ಕ ಒಂದು ಸಲ ಮಾತ್ರ ಆಗಬೇಕು. ಗೇಮ್ ಒಮ್ಮೆ ಮಾಡಿ, ವಿಂಡೋಸ್ ಇನ್ನೊಮ್ಮೆ ಮಾಡಿ, ಹೆಡ್‌ಸೆಟ್ ಆ್ಯಪ್ ಮತ್ತೊಮ್ಮೆ ಮಾಡಿದರೆ, ಸಾರಿಗೆ ಮೂವರು ಮೂರು ಸಲ ಉಪ್ಪು ಹಾಕಿದ ಹಾಗೆ. ಹೆಜ್ಜೆ ಸದ್ದು ಎಲ್ಲಿಂದ ಬಂತು ಅನ್ನೋದೇ ತಿಳಿಯಲ್ಲ. "ಸರೌಂಡ್ ವೇಸ್ಟ್" ಅನ್ನುವವರಲ್ಲಿ ಅನೇಕರ ಸಮಸ್ಯೆ ಇದೇ.

ಗೇಮ್‌ನಲ್ಲೇ ಎಚ್‌ಆರ್‌ಟಿಎಫ್ ಇದ್ದರೆ ಅದಕ್ಕೇ ಮೊದಲ ಮರ್ಯಾದೆ. ಯಾಕೆಂದರೆ ಶತ್ರು ಎಷ್ಟು ಡಿಗ್ರಿ ಓರೆಯಲ್ಲಿದ್ದಾನೆ, ಮೇಲಿನ ಮಹಡಿಯಲ್ಲಿದ್ದಾನಾ ಅನ್ನೋದು ಗೇಮ್‌ಗೆ ನಿಖರವಾಗಿ ಗೊತ್ತು. ಹೊರಗಿನ 7.1 ಸಾಫ್ಟ್‌ವೇರ್‌ಗೆ ಸಿಗೋದು ಏಳು ದಿಕ್ಕಿಗೆ ಹಂಚಿದ ಸದ್ದು ಮಾತ್ರ. ಅದರಲ್ಲಿ ಮೇಲೆ-ಕೆಳಗೆ ಅನ್ನೋದೇ ಇಲ್ಲ.

ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್‌ಗೆ ಈ ಸೌಲಭ್ಯ 2016ರಲ್ಲಿ ಬಂತು. ವ್ಯಾಲೊರೆಂಟ್‌ಗೆ 2021ರಲ್ಲಿ ಬಂತು. ವ್ಯಾಲೊರೆಂಟ್‌ನಲ್ಲಿ ಆಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ ಎಚ್‌ಆರ್‌ಟಿಎಫ್ ಆನ್ ಮಾಡಿ, ಸ್ಪೀಕರ್ ಜಾಗದಲ್ಲಿ ಸ್ಟೀರಿಯೋ ಇಡಿ. ಆಮೇಲೆ ವಿಂಡೋಸ್‌ನ ಸ್ಪೇಷಿಯಲ್ ಸೌಂಡ್ ಆಫ್, ಹೆಡ್‌ಸೆಟ್ ಆ್ಯಪ್‌ನ 7.1 ಆಫ್. ಗೇಮ್‌ನಲ್ಲಿ ಎಚ್‌ಆರ್‌ಟಿಎಫ್ ಇಲ್ಲ, 7.1 ಔಟ್‌ಪುಟ್ ಮಾತ್ರ ಇದೆ ಅಂತಾದರೆ ಆಗ ವಿಂಡೋಸ್ ಸೋನಿಕ್ ಥರದ್ದು ಒಂದನ್ನು ಆನ್ ಮಾಡಿ.

ಇನ್ನೊಂದು ಕಿವಿಮಾತು. ನಿಜ ಜೀವನದಲ್ಲಿ ತಲೆ ತಿರುಗಿಸಿ ಮುಂದೆ-ಹಿಂದೆ ಪತ್ತೆ ಮಾಡ್ತೀವಿ ಅಂದೆನಲ್ಲ, ಗೇಮ್‌ನಲ್ಲಿ ಹೆಡ್‌ಫೋನ್ ನಿಮ್ಮ ತಲೆಯ ಜೊತೆಗೇ ತಿರುಗೋದರಿಂದ ಕುರ್ಚಿಯಲ್ಲಿ ಕೂತು ತಲೆ ಆಡಿಸಿ ಪ್ರಯೋಜನ ಇಲ್ಲ. ಮೌಸ್ ಅನ್ನು ಒಂಚೂರು ಎಡಕ್ಕೆ ಬಲಕ್ಕೆ ತಿರುಗಿಸಿ. ಬಲಕ್ಕೆ ತಿರುಗಿದಾಗ ಸದ್ದು ಎಡಗಿವಿಗೆ ಜರುಗಿದರೆ ಮುಂದಿದ್ದಾನೆ, ಬಲಗಿವಿಗೆ ಜರುಗಿದರೆ ಹಿಂದಿದ್ದಾನೆ. ದುಡ್ಡಿಲ್ಲದ ಸರೌಂಡ್ ಇದು.

ಬ್ಲೂಟೂತ್ ಅನ್ನೋ ತೊಡಕು

ಹಾಡಿಗೆ ಇಯರ್‌ಬಡ್ಸ್ ಚೆನ್ನ. ಗೇಮಿಗೆ ಬಂದರೆ ಎರಡು ಕಷ್ಟ. ಒಂದು, ತಡ. ಸಾಧಾರಣ ಬ್ಲೂಟೂತ್‌ನಲ್ಲಿ ಸದ್ದು 100ರಿಂದ 250 ಮಿಲಿಸೆಕೆಂಡ್ ತಡವಾಗಿ ಬರೋದು ಮಾಮೂಲು. ಗುಂಡು ಹಾರಿದ್ದು ಕಂಡ ಮೇಲೆ ಸದ್ದು ಬಂದರೆ ಏನುಪಯೋಗ? ಗೇಮಿಂಗ್ ಮೋಡ್ ಇರುವವು ಇದನ್ನು ಕಡಿಮೆ ಮಾಡುತ್ತವೆ, ಪೂರ್ತಿ ಇಲ್ಲವಾಗಿಸಲ್ಲ.

ಎರಡನೆಯದು ಬಹಳ ಜನರಿಗೆ ಗೊತ್ತೇ ಇಲ್ಲ. ಮಾಮೂಲಿ ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಅದು ಫೋನ್ ಕರೆಯ ಮೋಡ್‌ಗೆ ಹೋಗುತ್ತೆ. ಆಗ ಸದ್ದು ಮೋನೋ. ಎಡ-ಬಲವೇ ಇಲ್ಲದ ಮೇಲೆ ಸರೌಂಡ್ ಎಲ್ಲಿಂದ ಬಂತು? ತಂಡದವರ ಜೊತೆ ಮಾತಾಡಲು ಮೈಕ್ ಒತ್ತಿದೊಡನೆ ಸದ್ದು ಹಳೇ ರೇಡಿಯೋ ಥರ ಆಗೋದು ಇದಕ್ಕೇ. ಹೊಸ ಎಲ್‌ಇ ಆಡಿಯೋದಲ್ಲಿ ಇದಕ್ಕೆ ಪರಿಹಾರ ಇದೆ. ಆದರೆ ಫೋನು, ಬಡ್ಸ್ ಎರಡರಲ್ಲೂ ಅದು ಇರಬೇಕು.

ಹಾಗಾಗಿ ಮೊಬೈಲ್ ಗೇಮರ್‌ಗಳಿಗೆ ವೈರ್ ಇರುವ ಇಯರ್‌ಫೋನ್ ಇವತ್ತಿಗೂ ಉತ್ತಮ. ಜ್ಯಾಕ್ ಇಲ್ಲದ ಫೋನಾದರೆ ಟೈಪ್-ಸಿ ಇಯರ್‌ಫೋನ್ ಅಥವಾ ಪುಟ್ಟ ಕನೆಕ್ಟರ್ ಸಾಕು. ವೈರ್ ಬೇಡವೇ ಬೇಡ ಅನ್ನುವ ಪಿಸಿ, ಕನ್ಸೋಲ್ ಗೇಮರ್‌ಗಳು 2.4 ಗಿಗಾಹರ್ಟ್ಸ್ ಡಾಂಗಲ್ ಇರುವ ವೈರ್‌ಲೆಸ್ ನೋಡಿ. ಅದರಲ್ಲಿ ತಡ ತುಂಬಾ ಕಡಿಮೆ, ಮೈಕ್ ಹಾಕಿದರೂ ಸ್ಟೀರಿಯೋ ಹೋಗಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

ಮೊದಲು ಮನೆ ನೋಡಿ. ಓಪನ್-ಬ್ಯಾಕ್ ಹೆಡ್‌ಫೋನ್‌ನಲ್ಲಿ ಸದ್ದು ವಿಶಾಲವಾಗಿ ಕೇಳಿಸುತ್ತೆ, ಕಿವಿ ಬೆವರುವುದೂ ಕಡಿಮೆ. ಆದರೆ ಒಳಗಿನ ಸದ್ದು ಹೊರಗೆ, ಹೊರಗಿನದು ಒಳಗೆ. ಪಿಜಿಯಲ್ಲಿ ಇಬ್ಬರು ಮೂವರು ಒಂದೇ ರೂಮಲ್ಲಿ ಇದ್ದರೆ ರಾತ್ರಿ ಒಂದು ಗಂಟೆಗೆ ರೂಮ್‌ಮೇಟ್ ದಿಂಬು ಎಸೆಯೋದು ಗ್ಯಾರಂಟಿ. ಅಂಥವರಿಗೆ ಕ್ಲೋಸ್ಡ್-ಬ್ಯಾಕ್ ಸರಿ. ಸ್ವಂತ ರೂಮು, ಶಾಂತವಾದ ಮನೆ ಇದ್ದರೆ ಓಪನ್-ಬ್ಯಾಕ್ ಒಮ್ಮೆ ಕೇಳಿ ನೋಡಿ.

ಆಮೇಲೆ ತಲೆಗೆ ಹಾಕಿ ಹದಿನೈದು ನಿಮಿಷ ಇಟ್ಟುಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಹೋಗಿ ಕೊಳ್ಳುವವರು ಹಾಕಿ ನೋಡ್ತೀನಿ ಅಂತ ಸಂಕೋಚವಿಲ್ಲದೆ ಕೇಳಿ. ಕನ್ನಡಕ ಹಾಕುವವರಿಗಂತೂ ಇದು ಮುಖ್ಯ. ಕನ್ನಡಕದ ಕಡ್ಡಿ ಒತ್ತಿದರೆ ಅರ್ಧ ಗಂಟೆಗೇ ತಲೆನೋವು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಆಡುವವರು ರೆಕ್ಸಿನ್ ಪ್ಯಾಡ್ ಬಿಟ್ಟು ಬಟ್ಟೆಯ ಪ್ಯಾಡ್ ಹುಡುಕಿ.

ಬಾಸ್‌ಗೆ ಮರುಳಾಗಬೇಡಿ. ಧಮ್ ಧಮ್ ಅನ್ನುವ ದಪ್ಪ ಸದ್ದು ಸಣ್ಣ ಸದ್ದನ್ನು ಮುಚ್ಚಿಹಾಕುತ್ತೆ. ಗೇಮ್‌ನಲ್ಲಿ ನಿಮಗೆ ಬೇಕಾದ ಹೆಜ್ಜೆ ಸದ್ದು, ರೀಲೋಡ್ ಸದ್ದು ಅಲ್ಲೇ ಕಳೆದುಹೋಗುತ್ತೆ. 50 ಎಂಎಂ ಡ್ರೈವರ್, 40,000 ಹರ್ಟ್ಸ್‌ವರೆಗೆ ಅನ್ನುವ ಅಂಕಿಗಳೂ ಅಷ್ಟೇ. ಮನುಷ್ಯರ ಕಿವಿ ಕೇಳೋದು ಹೆಚ್ಚೆಂದರೆ 20,000 ಹರ್ಟ್ಸ್, ವಯಸ್ಸಾದಂತೆ ಅದೂ ಇಳಿಯುತ್ತೆ. 250 ಓಮ್ಸ್ ಅಂತ ಬರೆದಿರುವ ಸ್ಟುಡಿಯೋ ಹೆಡ್‌ಫೋನ್ ಆಫರ್‌ನಲ್ಲಿ ಸಿಕ್ಕರೂ, ಆಂಪ್ಲಿಫೈಯರ್ ಇಲ್ಲದಿದ್ದರೆ ಫೋನ್‌ನಲ್ಲಿ ಸದ್ದು ಸಾಲಲ್ಲ. 32 ಓಮ್ಸ್ ಆಸುಪಾಸಿನದು ಇರಲಿ.

ಬಣ್ಣದ ಲೈಟ್? ಹಾಕಿಕೊಂಡವರಿಗೆ ಅದು ಕಾಣಿಸಲ್ಲ!

ದಿಕ್ಕು ಹೇಳುವ ಕಿವಿಯನ್ನೇ ಕಳಕೊಂಡರೆ?

ಈಗ ಸ್ವಲ್ಪ ಸೀರಿಯಸ್ ಮಾತು. ಹೆಜ್ಜೆ ಸದ್ದು ಕೇಳಿಸಲಿ ಅಂತ ವಾಲ್ಯೂಮ್ ಏರಿಸ್ತೀವಿ. ಅದೇ ವಾಲ್ಯೂಮ್‌ನಲ್ಲಿ ಗ್ರೆನೇಡ್ ಸಿಡಿಯುತ್ತೆ. ಗೇಮಿಂಗ್‌ನ ಅಪಾಯ ಇರೋದೇ ಇಲ್ಲಿ. ದೊಡ್ಡವರಿಗೆ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಮಿತಿ. ಮಕ್ಕಳಿಗೆ 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧ ಆಗುತ್ತೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5 ಗಂಟೆ. ಒಂದು ವೀಕೆಂಡ್‌ನಲ್ಲೇ ಐದು ಗಂಟೆ ಆಡುವವರು ನಮ್ಮಲ್ಲಿ ಎಷ್ಟು ಜನ ಇಲ್ಲ?

2024ರಲ್ಲಿ ಬಿಎಂಜೆ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಒಂದು ಪರಿಶೀಲನೆ 14 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಗೇಮರ್‌ಗಳು ಕೇಳುವ ಸದ್ದು ಹಲವು ಸಲ ಈ ಮಿತಿಯ ಹತ್ತಿರ ಅಥವಾ ಮೀರಿ ಇರುತ್ತೆ ಅಂತ ಹೇಳಿತು. ಒಳಕಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ಹೋದರೆ ಮನುಷ್ಯರಲ್ಲಿ ಮತ್ತೆ ಬೆಳೆಯಲ್ಲ. ಮೊದಲು ಹೋಗೋದು ಕೀರಲು ಸದ್ದು. ಮುಂದಾ ಹಿಂದಾ ಅಂತ ಹೇಳಲು ಮಿದುಳಿಗೆ ಬೇಕಾದದ್ದೂ ಅದೇ ಸದ್ದು. ಶತ್ರುವಿನ ದಿಕ್ಕು ತಿಳಿಯಲು ವಾಲ್ಯೂಮ್ ಏರಿಸಿ, ದಿಕ್ಕು ತಿಳಿಯುವ ಶಕ್ತಿಯನ್ನೇ ಕಳಕೊಂಡರೆ ಯಾವ 7.1 ಕೂಡ ವಾಪಸ್ ತರಲ್ಲ.

ಆಟ ಮುಗಿಸಿ ಎದ್ದಾಗ ಕಿವಿಯಲ್ಲಿ ಗುಂಯ್ ಅಂತಿದ್ದರೆ ವಾಲ್ಯೂಮ್ ಜಾಸ್ತಿ ಆಯ್ತು ಅಂತ ಅರ್ಥ. ಅದು ದಿನಗಟ್ಟಲೆ ನಿಲ್ಲದಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಗೇಮ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ "ನೈಟ್ ಮೋಡ್" ಥರದ ಆಯ್ಕೆ ಇದ್ದರೆ ಹಾಕಿ, ಅದು ದೊಡ್ಡ ಸದ್ದನ್ನು ಇಳಿಸಿ ಸಣ್ಣದನ್ನು ಏರಿಸುತ್ತೆ. ಮ್ಯೂಸಿಕ್ ಪೂರ್ತಿ ಇಳಿಸಿ. ಫ್ಯಾನ್ ಸದ್ದಿಗೆ ಪೈಪೋಟಿಯಾಗಿ ವಾಲ್ಯೂಮ್ ಏರಿಸುವ ಬದಲು ಕಿವಿಗೆ ಸರಿಯಾಗಿ ಕೂರುವ ಪ್ಯಾಡ್ ಅಥವಾ ಬಡ್ ಟಿಪ್ ಹಾಕಿ. ಅಮ್ಮ ಮೂರು ಸಲ ಊಟಕ್ಕೆ ಕರೆದರೂ ಕೇಳಿಸಲಿಲ್ಲ ಅಂದರೆ ತಪ್ಪು ನಿಮ್ಮ ಅಮ್ಮನದಲ್ಲ, ವಾಲ್ಯೂಮ್ ಬಟನ್‌ದು.

ಒಂದು ಕಿವಿ ಸರಿಯಾಗಿ ಕೇಳಿಸದವರೂ ನಮ್ಮ ನಡುವೆ ಗೇಮ್ ಆಡ್ತಾರೆ. ಅವರಿಗೆ ಸರೌಂಡ್‌ಗಿಂತ ಕಣ್ಣಿಗೆ ಕಾಣುವ ಸೂಚನೆ ಮುಖ್ಯ. ಫೋರ್ಟ್‌ನೈಟ್‌ನಲ್ಲಿ ಸದ್ದು ಬಂದ ದಿಕ್ಕನ್ನು ತೆರೆಯ ಮೇಲೇ ತೋರಿಸುವ ಸೆಟ್ಟಿಂಗ್ ಇದೆ. ಬಿಜಿಎಂಐನ ಪುಟ್ಟ ಮ್ಯಾಪ್‌ನಲ್ಲಿ ಹೆಜ್ಜೆ, ಗುಂಡಿನ ಗುರುತು ಬರುತ್ತೆ. ಫೋನ್‌ನಲ್ಲಿ ಮೋನೋ ಆಡಿಯೋ ಆನ್ ಮಾಡಿದರೆ ಎರಡೂ ಕಡೆಯ ಸದ್ದು ಒಂದೇ ಕಿವಿಗೆ ಸಿಗುತ್ತೆ. ನಿಮ್ಮ ತಂಡದಲ್ಲಿ ಅಂಥ ಗೆಳೆಯರಿದ್ದರೆ ಹೇಳಿ.

ಕೊನೆಗೆ ಲೆಕ್ಕ ಇಷ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಬಜೆಟ್ ಏನೇ ಇರಲಿ, ಅದನ್ನು ಒಳ್ಳೆಯ ಸ್ಟೀರಿಯೋ ಸದ್ದಿಗೆ, ಒತ್ತದ ಪ್ಯಾಡ್‌ಗೆ, ಸರಿಯಾದ ಮೈಕ್‌ಗೆ ಹಾಕಿ. ಹೊಸದನ್ನು ಕಾರ್ಟ್‌ಗೆ ಹಾಕುವ ಮೊದಲು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಈಗಿರುವ ಇಯರ್‌ಫೋನ್ ಹಾಕಿ, ಒಂದನ್ನು ಬಿಟ್ಟು ಉಳಿದ ಸರೌಂಡ್ ಎಲ್ಲಾ ಆಫ್ ಮಾಡಿ, ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ಗೆಳೆಯರೊಬ್ಬರಿಗೆ ನಿಮ್ಮ ಸುತ್ತ ಓಡಾಡಲು ಹೇಳಿ, ಕಣ್ಣು ಮುಚ್ಚಿ ದಿಕ್ಕು ಹೇಳುತ್ತಾ ಹೋಗಿ. ಹತ್ತರಲ್ಲಿ ಎಂಟು ಸರಿ ಬಂತಾ? ಹಾಗಾದರೆ ಈ ಸೇಲ್‌ನಲ್ಲಿ ದುಡ್ಡು ಉಳೀತು ಅಂದುಕೊಳ್ಳಿ.